ಗರಾಕ್ ಪುಸ್ತಕ ಇರುವವರು ಮುಂಬಯಿ-ಪುಣೆ-ಗೋವಾದಲ್ಲಿ ಯಾರಾದರೂ ಇದ್ದೀರಾ? 32 ಪುಟ ಬೇಕು

ಡೊಂಬಿವಲಿ ಫಾಸ್ಟ್
ಕಳೆದ ಶನಿವಾರ ಮಾಟುಂಗಾದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದವನ ಮುಂದೆ ಸುಮ್ನೆ ನಿಂತೆ. ಎಂಟ್ರೆನ್ಸ್ ಪರೀಕ್ಷೆಯ ಗೈಡುಗಳ ಅಡಿಯಿಂದ ಒಂದು ಮೂಲೆ ಕಾಣಿಸುತ್ತಿತ್ತು. ಎಳೆದು ನೋಡಿದರೆ ‘ಎ ಸ್ಟಿಚ್ ಇನ್ ಟೈಮ್’! ಆಂಡ್ರ್ಯೂ ರಾಬಿನ್ಸನ್ ಬರೆದದ್ದು, 2000ನೇ ಇಸವಿಯದ್ದು. ಹತ್ತು ವರ್ಷದಿಂದ ಹುಡುಕುತ್ತಿದ್ದೆ. ಆಸೆ ಅವನಿಗೆ ಗೊತ್ತಾದರೆ ರೇಟು ಏರಿಸುತ್ತಾನೆ ಅಂತ ಪಕ್ಕದಲ್ಲಿದ್ದ ಉಪ್ಪಿನಕಾಯಿ ಪುಸ್ತಕವನ್ನೂ ಎತ್ತಿಕೊಂಡೆ. ಎರಡಕ್ಕೂ ಸೇರಿ ನೂರು ಹೇಳಿದ, ಎಂಬತ್ತಕ್ಕೆ ಕೊಟ್ಟ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಟಾರ್ ಟ್ರೆಕ್‌ನಲ್ಲಿ ‘ಡೀಪ್ ಸ್ಪೇಸ್ ನೈನ್’ ಅಂತ ಒಂದು ಸೀರಿಯಲ್ ಇತ್ತು, 1993ರಿಂದ 1999ರವರೆಗೆ. ಅದರಲ್ಲಿ ಗರಾಕ್ ಅಂತ ಒಬ್ಬ ದರ್ಜಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನಾನು ಬರೀ ದರ್ಜಿ ಕಣ್ರೀ ಅನ್ನುತ್ತಾನೆ, ಯಾರೂ ನಂಬಲ್ಲ. ಅವನ ಗ್ರಹದವರೇ ಓಡಿಸಿದ ಗೂಢಚಾರ ಅವನು. ಆ ಪಾತ್ರ ಮಾಡಿದ ನಟನೇ ಕೂತು ಬರೆದ ಕಾದಂಬರಿ ಇದು.

ಈಗ ಸಮಸ್ಯೆ. ಮಳೆಗಾಲ ಕಂಡ ಪುಸ್ತಕ, ಬೆನ್ನಿನ ಗೋಂದು ಒಣಗಿ ಪುಡಿಯಾಗಿದೆ. 112 ಆದಮೇಲೆ ಸೀದಾ 145. ಇದು ನನಗೆ ಗೊತ್ತಾಗಿದ್ದು ಒಂದು ದಿನ ಬಿಟ್ಟು! ಕಥೆ ಮೊದಲೇ ಮೂರು ಕಾಲದಲ್ಲಿ ಹಿಂದೆ ಮುಂದೆ ಜಿಗಿಯುತ್ತೆ. ಹುಡುಗ ಶಾಲೆಯಲ್ಲಿದ್ದ, ಮುಂದಿನ ಸಾಲಿನಲ್ಲಿ ಇನ್ನೆಲ್ಲೋ ಇದ್ದಾನೆ. ಆಹಾ ಎಂಥಾ ಶೈಲಿ ಅಂದುಕೊಂಡು ಮುಂದೆ ಹೋದೆ. ಆಮೇಲೆ ಪುಟಸಂಖ್ಯೆ ನೋಡಿದೆ.

113ರಿಂದ 144, ಯಾರ ಹತ್ತಿರವಾದರೂ ಇದೆಯಾ? ದಯವಿಟ್ಟು ಕಥೆ ಹೇಳಬೇಡಿ.

ಸೊನ್ನೆ ಗುರುತ್ವ
ಅಭಿನಂದನೆ! ಹೊಟ್ಟೆ ಉರೀತಿದೆ. ಹಳೇ ಮುದ್ರಣ ಸಿಗೋದು ಕಷ್ಟ, ಸಿಕ್ಕರೂ ಹೊರದೇಶದವರು ಬೆಳ್ಳಿ ಬೆಲೆ ಹೇಳುತ್ತಾರೆ. ಆದರೆ ಇ-ಪುಸ್ತಕ ಇದೆಯಲ್ಲ? ರಾಬಿನ್ಸನ್ ತಾನೇ ಓದಿದ ಆಡಿಯೋ ಪುಸ್ತಕವೂ ಬಂದಿದೆ. ಗರಾಕ್ ಕಿವಿಯಲ್ಲೇ ಕೂತು ಹೇಳಿದ ಹಾಗಿರುತ್ತೆ.

ಡೊಂಬಿವಲಿ ಫಾಸ್ಟ್
ಗೊತ್ತು ಸಾರ್. ಆದರೆ 80 ರೂಪಾಯಿ ಪುಸ್ತಕದ 32 ಪುಟಕ್ಕೆ ಮತ್ತೆ ಇ-ಪುಸ್ತಕ ಕೊಳ್ಳೋದಾ? ಕಾಗದದಲ್ಲೇ ಓದಬೇಕು ಅನ್ನೋ ಹಟ ಅಂತಿಟ್ಟುಕೊಳ್ಳಿ.

ಮಾಟುಂಗಾ ಭಟ್ರು
ಅಲ್ಲ, ನನಗೊಂದು ಅರ್ಥ ಆಗಲ್ಲ. ಸೀರಿಯಲ್ ನೋಡಿ ಬರೆದ ಪುಸ್ತಕಕ್ಕೆ ಇಷ್ಟು ಒದ್ದಾಟವಾ? ನಾವು ಕಾದಂಬರಿ ಓದಿ, ಅದು ಸಿನಿಮಾ ಆದಾಗ ನೋಡಿದವರು. ಎಂ.ಕೆ. ಇಂದಿರಾ ಬರೆದರು, ಪುಟ್ಟಣ್ಣ ‘ಗೆಜ್ಜೆಪೂಜೆ’ ತೆಗೆದರು. ತ್ರಿವೇಣಿ ಬರೆದರು, ‘ಶರಪಂಜರ’ ಆಯಿತು. ನೀರು ಆ ಕಡೆಯಿಂದ ಈ ಕಡೆ ಹರಿಯುತ್ತಿತ್ತು. ಸೀರಿಯಲ್ ಮುಗಿದ ಮೇಲೆ ಅದರ ಹೆಸರಲ್ಲಿ ಪುಸ್ತಕ ಮಾರೋದು ಅಂದ್ರೆ ಊಟ ಆದಮೇಲೆ ಎಲೆ ಮಾರಿದ ಹಾಗೆ. ಮುಂಬಯಿಯಲ್ಲಿದ್ದುಕೊಂಡು ಒಂದು ಪುಸ್ತಕಕ್ಕೆ ಹುಚ್ಚು ಹಿಡಿಸಿಕೊಳ್ಳಬೇಕು ಅಂದ್ರೆ ಚಿತ್ತಾಲರ ‘ಶಿಕಾರಿ’ ಇದೆ.

ಘಾಟ್‌ಕೋಪರ್ ಗೌಡ್ತಿ
ಬಂದ್ರಪ್ಪ.

ಡೊಂಬಿವಲಿ ಫಾಸ್ಟ್
ಭಟ್ರೇ, ‘ಶಿಕಾರಿ’ ಮೂರು ಸಲ ಓದಿದ್ದೇನೆ. ಯಾರು ಬೆನ್ನ ಹಿಂದೆ ಸಂಚು ಮಾಡುತ್ತಿದ್ದಾರೆ ಅಂತ ತಿಳಿಯದೆ ನಾಗಪ್ಪ ಒದ್ದಾಡುತ್ತಾನಲ್ಲ, ಅವನನ್ನು ಇಷ್ಟಪಟ್ಟವರಿಗೇ ಗರಾಕ್ ಇಷ್ಟ ಆಗೋದು. ಗರಾಕ್ ಸಂಚು ಮಾಡುವವರ ಕಡೆಯಿಂದ ಬಂದವನು, ಅಷ್ಟೇ ವ್ಯತ್ಯಾಸ.

ಸೊನ್ನೆ ಗುರುತ್ವ
ಊಟ ಆದಮೇಲಿನ ಎಲೆ ಅನ್ನೋದು ತಪ್ಪು ಭಟ್ರೇ. ಎಷ್ಟೋ ಸಲ ಎಲೆ ಒಂದೇ ಉಳಿದದ್ದು.

ಬ್ರಿಟನ್ನಿನ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾದದ್ದು. ಆ ಕಾಲದ ಟೇಪುಗಳನ್ನು ಬಿಬಿಸಿಯವರು ಅಳಿಸಿ ಮತ್ತೆ ಬಳಸಿದರು. ಮನೆಯಲ್ಲಿ ವಿಸಿಆರ್ ಇರಲಿಲ್ಲ, ಮರುಪ್ರಸಾರ ಅಪರೂಪ. ತಪ್ಪಿಹೋದ ಕಥೆ ತಪ್ಪಿಹೋಯಿತು. ಆಗ ಮಕ್ಕಳಿಗೆ ಸಿಕ್ಕಿದ್ದು ಟಾರ್ಗೆಟ್ ಪ್ರಕಾಶನದ ಸಣ್ಣ ಸಣ್ಣ ಪುಸ್ತಕಗಳು. ಟೆರೆನ್ಸ್ ಡಿಕ್ಸ್ ಒಬ್ಬರೇ ಅರವತ್ತಕ್ಕೂ ಜಾಸ್ತಿ ಬರೆದರು. ಒಂದು ತಲೆಮಾರು ಆ ಸೀರಿಯಲ್ಲನ್ನು ಓದಿಯೇ ‘ನೋಡಿತು’.

ಇನ್ನೂ ಕೇಳಿ. 1989ರಲ್ಲಿ ಸೀರಿಯಲ್ ನಿಂತಿತು. 1991ರಿಂದ ಹೊಸ ಕಥೆಗಳ ಕಾದಂಬರಿ ಸಾಲು ಹೊರಟಿತು. ಪಾಲ್ ಕಾರ್ನೆಲ್ 1995ರಲ್ಲಿ ‘ಹ್ಯೂಮನ್ ನೇಚರ್’ ಬರೆದರು. ಅದೇ ಕಾದಂಬರಿ 2007ರಲ್ಲಿ ಟೀವಿಗೆ ಎರಡು ಕಂತಾಗಿ ಬಂತು. 2005ರಲ್ಲಿ ಸೀರಿಯಲ್ಲಿಗೆ ಮತ್ತೆ ಜೀವ ಕೊಟ್ಟ ರಸೆಲ್ ಟಿ. ಡೇವಿಸ್ ಕೂಡ ಅದೇ ಸಾಲಿಗೆ 1996ರಲ್ಲಿ ಒಂದು ಕಾದಂಬರಿ ಬರೆದವರು. ನೀರು ಎರಡೂ ಕಡೆ ಹರಿಯುತ್ತೆ.

ಪುಣೆ ಪರದೇಶಿ
ಸ್ಟಾರ್ ಟ್ರೆಕ್‌ನಲ್ಲೂ ಹಾಗೇ ಆಗಿದೆ. ಸುಲು ಅನ್ನೋ ಪಾತ್ರಕ್ಕೆ ಮೂಲ ಸೀರಿಯಲ್‌ನಲ್ಲಿ ಮೊದಲ ಹೆಸರೇ ಇರಲಿಲ್ಲ. 1981ರಲ್ಲಿ ವಾಂಡಾ ಮ್ಯಾಕಿಂಟೈರ್ ತಮ್ಮ ಕಾದಂಬರಿಯಲ್ಲಿ ಹಿಕಾರು ಅಂತ ಇಟ್ಟರು. 1991ರ ಸಿನಿಮಾದಲ್ಲಿ ಅವನೇ ಬಾಯಿಬಿಟ್ಟು ಹಿಕಾರು ಸುಲು ಅಂದ. ನಾಮಕರಣ ಮಾಡಿದ್ದು ಪುಸ್ತಕ.

ಘಾಟ್‌ಕೋಪರ್ ಗೌಡ್ತಿ
ಹತ್ತು ವರ್ಷ ತಡವಾಗಿ ತೊಟ್ಟಿಲು ಶಾಸ್ತ್ರ 😄

ಎರಡನೇ ಪಾಳಿ
ಸ್ಟಾರ್ ಟ್ರೆಕ್ ಅಂದಾಗ ನೆನಪಾಯಿತು. 80ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಹಳೇ ಸ್ಟಾರ್ ಟ್ರೆಕ್ ಬರುತ್ತಿತ್ತು. ನಾನಾಗ ಸಯಾನ್‌ನಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದೆ, ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಭಾನುವಾರ ಬೆಳಗಿನ ರಶ್ಶು ಅಂದ್ರೆ ಕೇಳಬೇಡಿ. ಗಲ್ಲೆಯ ಮೇಲೆ ಒಂದು ಕಪ್ಪು ಬಿಳುಪು ಟೀವಿ. ತಟ್ಟೆ ಎತ್ತುತ್ತಾ ಎತ್ತುತ್ತಾ ನೋಡಿದ್ದು. ಒಳಗೆ ಇಡ್ಲಿ ಇಟ್ಟು ಬರುವಷ್ಟರಲ್ಲಿ ಯಾರೋ ಸತ್ತಿರುತ್ತಿದ್ದರು. ಯಾಕೆ ಸತ್ತ ಅಂತ ಗಿರಾಕಿಗಳನ್ನೇ ಕೇಳಬೇಕು. ಒಬ್ಬರು ಇಂಜಿನಿಯರ್ ಸಾಹೇಬರು ಪಾಪ ಚಹಾ ಆರಿದರೂ ಪರವಾಗಿಲ್ಲ ಅಂತ ಹೇಳುತ್ತಿದ್ದರು. ಹಾಗಾಗಿ ಅರ್ಧ ಕಥೆ ನೋಡಿದ್ದು, ಅರ್ಧ ಕೇಳಿದ್ದು. ಡೊಂಬಿವಲಿಯವರ 32 ಪುಟದ ಸಂಕಟ ನನಗೆ ಅರ್ಥ ಆಗುತ್ತೆ.

ಮತ್ತೆ ಗರಾಕ್‌ನ ಸೀರಿಯಲ್ ಇಂಡಿಯಾದಲ್ಲಿ ಯಾವಾಗ ಬಂತು?

ಪುಣೆ ಪರದೇಶಿ
ಸ್ಟಾರ್ ಪ್ಲಸ್ ಆಗ ಇಂಗ್ಲಿಷ್ ಸೀರಿಯಲ್ ತೋರಿಸುತ್ತಿದ್ದ ಕಾಲ ಅಣ್ಣಾ. ನಾನು ಅಲ್ಲಿ ಇಲ್ಲಿ ಸ್ವಲ್ಪ ನೋಡಿದ್ದು. 2000ದಲ್ಲಿ ಕೌನ್ ಬನೇಗಾ ಕರೋಡ್‌ಪತಿ ಬಂತು, ಆಮೇಲೆ ಆ ಚಾನೆಲ್‌ನಲ್ಲಿ ಅತ್ತೆ ಸೊಸೆ ಬಿಟ್ಟು ಬೇರೆ ಗ್ರಹದವರು ಯಾರೂ ಕಾಣಲಿಲ್ಲ. ಪೂರ್ತಿ ನೋಡಿದ್ದು ಹಾಸ್ಟೆಲ್‌ನಲ್ಲಿ, ಯಾರದೋ ಹಾರ್ಡ್ ಡಿಸ್ಕ್‌ನಿಂದ. 176 ಕಂತು. ಅದರಲ್ಲಿ ಗರಾಕ್ ಬರೋದು ಮೂವತ್ತು ಚಿಲ್ಲರೆ ಕಂತಿನಲ್ಲಿ ಮಾತ್ರ.

ಮಾಟುಂಗಾ ಭಟ್ರು
ಅದೇ ನಾನು ಹೇಳೋದು. 176ರಲ್ಲಿ ಮೂವತ್ತರಲ್ಲಿ ಬರುವ ದರ್ಜಿಗೆ ನಾನೂರು ಪುಟದ ಕಾದಂಬರಿ!

ಚಕ್ರತಾಳ
ಭಟ್ರೇ ಒಂದು ಮಾತು. ದುರ್ಯೋಧನ ಸರೋವರದಲ್ಲಿ ಅಡಗಿ, ಭೀಮನ ಗದೆಗೆ ಬೀಳೋದು ಇಡೀ ಭಾರತದಲ್ಲಿ ಎಷ್ಟು ಭಾಗ? ರನ್ನ ಸಾವಿರ ವರ್ಷದ ಹಿಂದೆ ಅಷ್ಟನ್ನೇ ಹಿಡಿದುಕೊಂಡು, ಅಲ್ಲಿ ನಿಂತು ಸಿಂಹದ ಹಾಗೆ ಹಿಂದಿರುಗಿ ನೋಡಿ ಪೂರ್ತಿ ಕಥೆ ಹೇಳಿದ. ಖಳನ ಮೇಲೆ ನಮಗೆ ಮರುಕ ಬರುವ ಹಾಗೆ ಮಾಡಿದ. ‘ಗದಾಯುದ್ಧ’ವೂ ಊಟ ಆದಮೇಲಿನ ಎಲೆಯಾ?

ಮಾಟುಂಗಾ ಭಟ್ರು
ರನ್ನನನ್ನು ಟೀವಿ ಪುಸ್ತಕದ ಜೊತೆ ತಕ್ಕಡಿಗೆ ಹಾಕಿದ್ದು ನೋಡಿ ತಲೆ ಸುತ್ತು ಬಂತು. ಒಂದು ಫಿಲ್ಟರ್ ಕಾಫಿ ಕುಡಿದು ಬರುತ್ತೇನೆ.

ಚಕ್ರತಾಳ
ಕುಡಿದು ಬನ್ನಿ, ಇನ್ನೂ ಹೇಳೋದಿದೆ. ನಾನು ಆ ಸೀರಿಯಲ್ ನೋಡಿಲ್ಲ, ಪುಸ್ತಕ ಮಾತ್ರ ಓದಿದ್ದು. ಮೀರಾ ರೋಡಿನ ಸ್ನೇಹಿತನೊಬ್ಬ ಕೊಟ್ಟಿದ್ದ. ಓದುವಾಗ ನನಗೆ ಒಂದೇ ನೆನಪು, ತಾಳಮದ್ದಳೆ.

ವೇಷ, ಕುಣಿತ ಇಲ್ಲದ ಯಕ್ಷಗಾನ ಅದು. ತಾಳಮದ್ದಳೆಯಲ್ಲಿ ಏನಿರುತ್ತೆ? ಪ್ರಸಂಗದ ಪದ್ಯ ಮಾತ್ರ ಬರೆದಿಟ್ಟದ್ದು. ಭಾಗವತರು ಹಾಡುತ್ತಾರೆ. ಮಾತೆಲ್ಲ ಅರ್ಥಧಾರಿಯದ್ದು. ಆ ಪದ್ಯದಲ್ಲಿ ನಾಲ್ಕು ಸಾಲಿದ್ದರೆ ಅವನು ಅರ್ಧ ಗಂಟೆ ಕರ್ಣನಾಗಿ ಮಾತಾಡಬೇಕು. ಎದುರಿನ ಕೃಷ್ಣ ಏನು ಕೇಳುತ್ತಾನೋ ಗೊತ್ತಿಲ್ಲ. ವರ್ಷಗಟ್ಟಲೆ ಕರ್ಣನ ಅರ್ಥ ಹೇಳಿದವರಿಗೆ ಕರ್ಣನ ಬಗ್ಗೆ ಯಾವ ಪದ್ಯದಲ್ಲೂ ಇಲ್ಲದ ಸಂಗತಿ ಗೊತ್ತಿರುತ್ತೆ. ಅಧಿರಥನ ಮನೆಯಲ್ಲಿ ಅವನು ಯಾವ ಮೂಲೆಯಲ್ಲಿ ಮಲಗುತ್ತಿದ್ದ ಅಂತ ಕೇಳಿ, ಹೇಳುತ್ತಾರೆ. ಮಳೆಗಾಲದಲ್ಲಿ ಊರಿಂದ ಯಕ್ಷಗಾನ ಮೇಳದವರು ಮುಂಬಯಿಗೆ ಬರುತ್ತಾರಲ್ಲ, ಆಟ ಮುಗಿದ ಮೇಲೆ ಬಣ್ಣ ಹಚ್ಚುವ ಚೌಕಿಯಲ್ಲಿ ಅವರ ಹತ್ತಿರ ಕೂತು ನೋಡಿ. ಬಣ್ಣ ಒರೆಸುತ್ತಲೇ ಪಾತ್ರದ ಪರ ವಾದ ಮಾಡುತ್ತಿರುತ್ತಾರೆ.

ರಾಬಿನ್ಸನ್ ಮಾಡಿದ್ದೂ ಅದೇ. ಗರಾಕ್‌ನ ಹೆಸರಲ್ಲಿ ಡೈರಿ ಬರೆದು ಅಭಿಮಾನಿಗಳ ಸಭೆಯಲ್ಲಿ ಓದುತ್ತಿದ್ದನಂತೆ. ಅದೇ ಬೆಳೆದು ಕಾದಂಬರಿ ಆಯಿತು. ಸ್ಕ್ರಿಪ್ಟು ಕೊಟ್ಟದ್ದು ಪದ್ಯ. ಇದು ಅವನು ಹೇಳಿದ ಅರ್ಥ.

ಸೊನ್ನೆ ಗುರುತ್ವ
ಇಷ್ಟು ಚೆನ್ನಾಗಿ ಇಂಗ್ಲಿಷಿನವರೂ ಹೇಳಿಲ್ಲ ಮಾರಾಯ್ರೇ.

ಹೆಚ್ಚಿನ ಟೀವಿ ಕಾದಂಬರಿ ಬರೆಯೋರು ಹೊರಗಿನವರು. ಜೇಮ್ಸ್ ಬ್ಲಿಶ್ 1967ರಿಂದ ಸ್ಟಾರ್ ಟ್ರೆಕ್ ಕಂತುಗಳನ್ನು ಕಥೆ ಮಾಡಿದರಲ್ಲ, ಸ್ಕ್ರಿಪ್ಟ್ ಮುಂದಿಟ್ಟುಕೊಂಡು ಬರೆದದ್ದು. ಹಾಗಾಗಿ ಪರದೆಯಲ್ಲಿ ಕಂಡದ್ದಕ್ಕೂ ಪುಸ್ತಕಕ್ಕೂ ಅಲ್ಲಲ್ಲಿ ತಾಳೆ ಆಗಲ್ಲ. ರಾಬಿನ್ಸನ್ ಆ ಮುಖವಾಡದ ಒಳಗಿನಿಂದ ಬರೆದ. ಅದಕ್ಕೇ ಅಭಿಮಾನಿಗಳು ಇದನ್ನು ಬೇರೆ ಕಪಾಟಿನಲ್ಲಿ ಇಡೋದು.

ಕಾಜಾ ಗುಂಡಿ
ವಾಸ್ಕೋದಿಂದ ನಮಸ್ಕಾರ. ನನ್ನ ಹತ್ತಿರ ಇದೆ. ಈಗಷ್ಟೇ ಕಪಾಟು ತೆಗೆದು ನೋಡಿದೆ, 113ರಿಂದ 144 ಎಲ್ಲಾ ಇದೆ.

ಡೊಂಬಿವಲಿ ಫಾಸ್ಟ್
ಅಯ್ಯೋ ದೇವರೇ!!! ಫೋಟೋ ತೆಗೆದು ಹಾಕ್ತೀರಾ?

ಪುಣೆ ಪರದೇಶಿ
ಇಲ್ಲಿ ಹಾಕಬೇಡಿ. 32 ಪುಟ ಎಲ್ಲರಿಗೂ ಕಾಣುವ ಹಾಗೆ ಹಾಕೋದು ಸರಿಯಲ್ಲ. ಬರೆದವನು ಇನ್ನೂ ಇದ್ದಾನೆ, ಪುಸ್ತಕ ಮಾರಾಟದಲ್ಲಿದೆ.

ಘಾಟ್‌ಕೋಪರ್ ಗೌಡ್ತಿ
ಹಾರ್ಡ್ ಡಿಸ್ಕ್‌ನಲ್ಲಿ 176 ಕಂತು ನೋಡಿದವರು ಹೇಳ್ತಿದ್ದಾರೆ, ಎಲ್ಲರೂ ಕೇಳಿಸಿಕೊಳ್ಳಿ.

ಪುಣೆ ಪರದೇಶಿ
ಆಗ ಹುಡುಗಾಟ ಅಕ್ಕಾ. ಈಗ ಸಂಬಳ ಬರುತ್ತೆ.

ಕಾಜಾ ಗುಂಡಿ
ಫೋಟೋ ಬೇಡ, ಪುಸ್ತಕವನ್ನೇ ಕಳಿಸುತ್ತೇನೆ. ಆದರೆ ಮೊದಲು ನನ್ನ ತಕರಾರು ಒಂದಿದೆ, ಯಾರ ಹತ್ತಿರವೂ ಹೇಳಿಕೊಳ್ಳಲು ಆಗಿಲ್ಲ.

ನಾನು ದರ್ಜಿಯ ಮಗ. ಅಪ್ಪ ಅಂಕೋಲಾದಿಂದ ವಾಸ್ಕೋಗೆ ಬಂದು ನಲವತ್ತು ವರ್ಷ ಹೊಲಿದರು. ಬಂದರಿನವರು, ಹಡಗಿನವರು, ಚರ್ಚಿನ ಮದುವೆಗೆ ಸೂಟು ಹೊಲಿಸುವವರು, ಎಲ್ಲರೂ ಬರುತ್ತಿದ್ದರು. ಗರಾಕ್‌ನನ್ನು ಮೊದಲ ಸಲ ಟೀವಿಯಲ್ಲಿ ನೋಡಿದಾಗ ಎದ್ದು ಕೂತೆ. ಬೇರೆ ಗ್ರಹದವನಾದರೂ ದರ್ಜಿಯಪ್ಪಾ!

ಅಪ್ಪನ ಒಂದು ಉಪಾಯ ಹೇಳುತ್ತೇನೆ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಗಿರಾಕಿ ಹೊಟ್ಟೆ ಒಳಗೆ ಎಳೆದುಕೊಂಡು ಉಸಿರು ಬಿಗಿ ಹಿಡಿಯುತ್ತಾನೆ. ಆ ಅಳತೆಗೆ ಹೊಲಿದರೆ ಪ್ಯಾಂಟು ಮರುದಿನವೇ ವಾಪಸ್. ಉಸಿರು ಬಿಡಿ ಅಂದರೆ ಅವಮಾನ. ಅಪ್ಪ ಏನು ಮಾಡುತ್ತಿದ್ದರು ಅಂದ್ರೆ, ಟೇಪು ಸಡಿಲ ಹಿಡಿದು ಒಂದು ಪ್ರಶ್ನೆ ಕೇಳುತ್ತಿದ್ದರು. ಮಗಳ ಕೆಲಸ ಏನಾಯ್ತು? ತಮ್ಮನ ಜಾಗದ ಕೇಸು ಮುಗೀತಾ? ಗಿರಾಕಿ ಉತ್ತರ ಕೊಡಲು ಬಾಯಿ ತೆರೆದ ಕೂಡಲೇ ಹೊಟ್ಟೆ ಹೊರಗೆ ಬರುತ್ತೆ. ಆಗ ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಅಳತೆ ಹಿಡಿಯೋದು. ನಾನು ಪಕ್ಕದಲ್ಲಿ ನಿಂತು 36 ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಹೀಗೆ ವಾಸ್ಕೋದ ಅರ್ಧ ಊರಿನ ಗುಟ್ಟು ಅಪ್ಪನಿಗೆ ಗೊತ್ತಿತ್ತು. ಯಾರಿಗೂ ಹೇಳಿದವರಲ್ಲ.

ಗೂಢಚಾರನಿಗೆ ದರ್ಜಿ ಅಂಗಡಿ ಕೊಟ್ಟವರು ಯಾರೋ ಭಾರೀ ಬುದ್ಧಿವಂತರು. ಆದರೆ ಪುಸ್ತಕದಲ್ಲಿ ಹೊಲಿಗೆಯೇ ಕಡಿಮೆ! ಹೆಸರು ನೋಡಿ ಕತ್ತರಿ, ಚಾಕ್‌ಪೀಸು, ಕಾಜಾ ಎಲ್ಲ ಬರುತ್ತೆ ಅಂದುಕೊಂಡೆ. ತೋಟ ಇದೆ, ಆರ್ಕಿಡ್ ಹೂವಿದೆ, ಪ್ರೀತಿ ಇದೆ, ಯುದ್ಧ ಇದೆ. ಹೊಲಿಗೆ ಎಲ್ಲಿ?

ಡೊಂಬಿವಲಿ ಫಾಸ್ಟ್
ಟೇಪಿನ ಉಪಾಯ ಓದಿ ಲೋಕಲ್‌ನಲ್ಲಿ ಒಬ್ಬಳೇ ನಕ್ಕೆ. ಮೂರು ಜನರ ಸೀಟಿನ ತುದಿಯ ಫೋರ್ತ್ ಸೀಟಿನಲ್ಲಿ ಅರ್ಧ ಕೂತವಳು ನಕ್ಕರೆ ಮೂರು ಜನಕ್ಕೂ ಅಲುಗುತ್ತೆ, ಎಲ್ಲರೂ ತಿರುಗಿ ನೋಡಿದರು.

ಸೊನ್ನೆ ಗುರುತ್ವ
ಕಾಜಾ ಅವರೇ, ನಿಮ್ಮಪ್ಪ ಅಬ್ಸಿಡಿಯನ್ ಆರ್ಡರ್‌ನಲ್ಲಿ ಇದ್ದರೇನೋ ವಿಚಾರಿಸಿ 😄 ಗರಾಕ್ ಇದ್ದ ಗೂಢಚಾರ ಸಂಸ್ಥೆ ಅದು.

ಹೆಸರಿನ ವಿಚಾರ. ಅದು ಇಂಗ್ಲಿಷ್ ಗಾದೆಯ ಅರ್ಧ. ಹೊತ್ತಿಗೆ ಸರಿಯಾಗಿ ಒಂದು ಹೊಲಿಗೆ ಹಾಕಿದರೆ ಮುಂದೆ ಒಂಬತ್ತು ಹಾಕೋದು ತಪ್ಪುತ್ತೆ ಅಂತ. ಬಿಟ್ಟ ಅರ್ಧದಲ್ಲಿ ‘ನೈನ್’ ಇದೆ. ಸೀರಿಯಲ್ ಹೆಸರಲ್ಲೂ ನೈನ್ ಇದೆ. ದರ್ಜಿಯ ಪುಸ್ತಕಕ್ಕೆ ಇದಕ್ಕಿಂತ ಒಳ್ಳೇ ಹೆಸರು ಸಿಗಲ್ಲ.

ಎರಡನೇ ಪಾಳಿ
ಕನ್ನಡದಲ್ಲಿ ಏನಂತ ಇಡಬಹುದು?

ಚಕ್ರತಾಳ
ಹೊತ್ತಿಗೊಂದು ಹೊಲಿಗೆ.

ಎರಡನೇ ಪಾಳಿ
ಆಹಾ.

ಮಾಟುಂಗಾ ಭಟ್ರು
ಕಾಫಿ ಕುಡಿದು ಬಂದೆ. ಹೊತ್ತಿಗೊಂದು ಹೊಲಿಗೆ ಚೆನ್ನಾಗಿದೆ, ಒಪ್ಪಿದೆ. ಆದರೆ ಹೊತ್ತಿಗೆ ಅಂದರೆ ಪುಸ್ತಕ ಅಂತಲೂ ಅರ್ಥ. ಪುಸ್ತಕಕ್ಕೊಂದು ಹೊಲಿಗೆ! ಡೊಂಬಿವಲಿಯವರ ಪ್ರತಿಗೆ ಬೇಕಾಗಿರೋದು ಅದೇ ಅಲ್ವಾ?

ಘಾಟ್‌ಕೋಪರ್ ಗೌಡ್ತಿ
ಭಟ್ರು ಔಟಾಗದೆ ಸಿಕ್ಸರ್ ಹೊಡೆದರು.

ಡೊಂಬಿವಲಿ ಫಾಸ್ಟ್
ಭಟ್ರೇ ಅಡ್ಡಬಿದ್ದೆ. ಇದನ್ನು ನನ್ನ ಪ್ರತಿಯ ಮೊದಲ ಪುಟದಲ್ಲಿ ಬರೆಯುತ್ತೇನೆ.

ಹೊಸಬ 404
ನಾನು ಈಗ ಸೀರಿಯಲ್ ಎರಡನೇ ಸೀಸನ್‌ನಲ್ಲಿದ್ದೇನೆ. ಪುಸ್ತಕ ಈಗ ಓದಬಹುದಾ, ಪೂರ್ತಿ ನೋಡಿದ ಮೇಲೆ ಓದಬೇಕಾ?

ಪುಣೆ ಪರದೇಶಿ
ಪೂರ್ತಿ ನೋಡಿ. ಪುಸ್ತಕ ಶುರುವಾಗೋದೇ ಕೊನೇ ಕಂತು ಮುಗಿದ ಮೇಲೆ. ಯುದ್ಧದಲ್ಲಿ ಗರಾಕ್‌ನ ಗ್ರಹ ಕಾರ್ಡಾಸಿಯಾ ನೆಲಸಮ ಆಗಿದೆ, ಎಂಬತ್ತು ಕೋಟಿ ಜನ ಸತ್ತಿದ್ದಾರೆ. ಗರಾಕ್ ಆ ಅವಶೇಷದಲ್ಲಿ ಕೂತು ನಿಲ್ದಾಣದ ಡಾಕ್ಟರ್ ಬಶೀರ್‌ಗೆ ಉದ್ದಕ್ಕೆ ಒಂದು ಪತ್ರ ಬರೆಯುತ್ತಾನೆ. ಪುಸ್ತಕ ಅಂದ್ರೆ ಆ ಪತ್ರ. ಇಷ್ಟು ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗಲ್ಲ ಅಂದುಕೊಳ್ಳುತ್ತೇನೆ.

ಹೊಸಬ 404
ಕೊನೇ ಕಂತಲ್ಲಿ ಎಂಬತ್ತು ಕೋಟಿ ಜನ ಸಾಯೋದು ಬಿಟ್ಟುಕೊಟ್ಟ ಹಾಗಲ್ವಾ!!

ಘಾಟ್‌ಕೋಪರ್ ಗೌಡ್ತಿ
ಪುಣೆಯವರಿಗೆ ಇವತ್ತು ಗ್ರಹಚಾರ ಸರಿಯಿಲ್ಲ.

ಸೊನ್ನೆ ಗುರುತ್ವ
ಎರಡನೇ ಸೀಸನ್‌ನಲ್ಲಿ ‘ದಿ ವೈರ್’ ಅಂತ ಒಂದು ಕಂತಿದೆ, ಬಿಡಬೇಡಿ. ಗರಾಕ್‌ನ ತಲೆಯೊಳಗಿನ ಒಂದು ಯಂತ್ರ ಕೆಟ್ಟು ಸಾಯುವ ಸ್ಥಿತಿಗೆ ಬರುತ್ತಾನೆ. ನಿನ್ನನ್ನು ಯಾಕೆ ಗಡೀಪಾರು ಮಾಡಿದರು ಅಂತ ಡಾಕ್ಟರ್ ಕೇಳಿದರೆ ಬೇರೆ ಬೇರೆ ಸಲ ಬೇರೆ ಬೇರೆ ಕಥೆ ಹೇಳುತ್ತಾನೆ. ಪ್ರತಿ ಕಥೆಯಲ್ಲೂ ಎಲಿಮ್ ಅಂತ ಒಬ್ಬ ಗೆಳೆಯ. ಆ ಎಲಿಮ್ ಯಾರು ಅಂತ ಕೊನೆಯಲ್ಲಿ ಗೊತ್ತಾದಾಗ ನಾನು ಟೀವಿಗೆ ಕೈ ಮುಗಿದೆ. ನಾನೇನೂ ಹೇಳಲ್ಲ, ನೋಡಿ. ಅಂಥಾ ಸುಳ್ಳುಗಾರ ಬರೆದ ಆತ್ಮಕಥೆಯನ್ನು ಎಷ್ಟು ನಂಬಬೇಕು ಅನ್ನೋದೇ ಈ ಪುಸ್ತಕದ ಮಜಾ.

ಕಾಜಾ ಗುಂಡಿ
ಶಾಲೆಯ ಭಾಗದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಇಷ್ಟ. ಬಾಮರನ್ ಅಂತ ಒಂದು ಶಾಲೆ. ಒಳಗೆ ಹೋದ ಕೂಡಲೇ ಮಕ್ಕಳ ಹೆಸರು ಕಿತ್ತುಕೊಳ್ಳುತ್ತಾರೆ. ಬದಲಿಗೆ ಒಂದು ನಂಬರು, ಒಂದು ಗುಂಪು. ಗರಾಕ್ ಅಲ್ಲಿ ‘ಹತ್ತು ಲುಬಾಕ್’. ಅಷ್ಟೇ.

ಎರಡನೇ ಪಾಳಿ
ನಮ್ಮ ಹೋಟೆಲಲ್ಲೂ ಹಾಗೇ ಇತ್ತು. ಹೆಸರಿಲ್ಲ, ಟೇಬಲ್ ನಂಬರು. ಏ ನಾಲ್ಕು, ಏ ಏಳು. ಊರಿಂದ ಅಣ್ಣ ಹುಡುಕಿಕೊಂಡು ಬಂದಾಗ ಗಲ್ಲೆಯಲ್ಲಿ ನನ್ನ ಹೆಸರು ಹೇಳಿದ. ಅಂಥವರು ಯಾರೂ ಇಲ್ಲ ಅಂದರಂತೆ. ನಾನು ಒಳಗೇ ಇದ್ದೆ. ರಾತ್ರಿ ಶಾಲೆಯಲ್ಲಿ ಹಾಜರಿ ಕರೆಯುವಾಗ ಮಾತ್ರ ಪೂರ್ತಿ ಹೆಸರು ಕೇಳಿಸುತ್ತಿತ್ತು.

ಈ ಪುಸ್ತಕ ನನಗೂ ಒಮ್ಮೆ ಓದಲು ಸಿಗುತ್ತಾ? ಇಂಗ್ಲಿಷ್ ನಿಧಾನಕ್ಕೆ ಓದುತ್ತೇನೆ.

ಕಾಜಾ ಗುಂಡಿ
ಖಂಡಿತ ಅಣ್ಣಾ. ಡೊಂಬಿವಲಿ ಆದಮೇಲೆ ನಿಮಗೇ.

ಮಾಟುಂಗಾ ಭಟ್ರು
ನಾನು ಸಾಲಿನಲ್ಲಿ ಮೂರನೆಯವನು. ಯಾರೂ ಏನೂ ಹೇಳಬೇಡಿ.

ಘಾಟ್‌ಕೋಪರ್ ಗೌಡ್ತಿ
😂😂😂

ನಾಲ್ಕನೇ ಸೆಮಿಸ್ಟರ್
ತಡವಾಗಿ ಬಂದೆ. ಗರಾಕ್-ಬಶೀರ್ ಬಗ್ಗೆ ಯಾರೂ ಮಾತಾಡ್ತಿಲ್ಲವಾ? ನೂರಾರು ಪುಟ ಒಬ್ಬನಿಗೆ ಪತ್ರ ಬರೆಯೋದು ಬರೀ ಸ್ನೇಹವಾ? ಗರಾಕ್‌ಗೆ ಡಾಕ್ಟರ್ ಮೇಲೆ ಮನಸ್ಸಿತ್ತು ಅಂತಲೇ ನಾನು ಪಾತ್ರ ಮಾಡಿದ್ದು ಅಂತ ರಾಬಿನ್ಸನ್ನೇ ಹೇಳಿದ್ದಾನೆ. 2024ರಲ್ಲಿ ‘ಲೋವರ್ ಡೆಕ್ಸ್’ ಕಾರ್ಟೂನ್ ಸೀರಿಯಲ್‌ನಲ್ಲಿ ಇನ್ನೊಂದು ವಿಶ್ವದ ಗರಾಕ್ ಮತ್ತು ಬಶೀರ್ ಮದುವೆಯಾದವರಾಗಿಯೇ ಬಂದರು, ದನಿ ಕೊಟ್ಟದ್ದೂ ಅದೇ ಇಬ್ಬರು ನಟರು. ಅಭಿಮಾನಿಗಳು ಮೂವತ್ತು ವರ್ಷ ಕಾದದ್ದು ಅದಕ್ಕೇ.

ಮಾಟುಂಗಾ ಭಟ್ರು
ಮದುವೆಯಾದ ಮೇಲೂ ಪತ್ರ ಬರೆಯುತ್ತಾರಾ? ಹಾಗಿದ್ದರೆ ಒಳ್ಳೇ ಸಂಸಾರ.

ನಾಲ್ಕನೇ ಸೆಮಿಸ್ಟರ್
ಭಟ್ರು ಇಷ್ಟ ಆದರು.

ಪುಣೆ ಪರದೇಶಿ
ಆದರೆ ಪುಸ್ತಕಗಳು ಅಧಿಕೃತ ಅಲ್ಲ ಅನ್ನೋದು ನೆನಪಿರಲಿ. ಸ್ಟಾರ್ ಟ್ರೆಕ್‌ನಲ್ಲಿ ಪರದೆಯ ಮೇಲೆ ಬಂದದ್ದೇ ನಿಜ, ಕಾದಂಬರಿಯಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಊನಾ ಮ್ಯಾಕ್‌ಕಾರ್ಮ್ಯಾಕ್ ಬರೆದ 2017ರ ‘ಎನಿಗ್ಮಾ ಟೇಲ್ಸ್’ನಲ್ಲಿ ಗರಾಕ್ ಕಾರ್ಡಾಸಿಯಾದ ಮುಖ್ಯಸ್ಥನಾಗಿಯೇ ಬರುತ್ತಾನೆ. ಮುಂದೆ ಯಾವುದೋ ಸೀರಿಯಲ್‌ನಲ್ಲಿ ಅವನು ಮತ್ತೆ ದರ್ಜಿಯೇ ಅಂತ ತೋರಿಸಿದರೆ ಮುಗೀತು.

ಚಕ್ರತಾಳ
ಯಾರ ಲೆಕ್ಕ? ನನ್ನ ಲೆಕ್ಕದಲ್ಲಿದೆ.

ಸೊನ್ನೆ ಗುರುತ್ವ
ಪುಣೆಯವರು ಬಂದದ್ದಕ್ಕೆ ನೆನಪಾಯಿತು, ನಾರಳೀಕರ್ ಸರ್ ಬಗ್ಗೆ ಒಂದು ಮಾತು. ಜಗತ್ತು ಒಪ್ಪಿದ ವಿಜ್ಞಾನಿ, 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಗೆದ್ದರು. ತನ್ನ ಹೆಸರು ನೋಡಿ ಕೊಡಬಾರದು ಅಂತ. ನಮ್ಮಲ್ಲಿ ರಾಜಶೇಖರ ಭೂಸನೂರಮಠರು ಅಷ್ಟೆಲ್ಲ ವಿಜ್ಞಾನ ಕಥೆ ಬರೆದರು. ಅವರದೊಂದು ಟೀವಿ ಸೀರಿಯಲ್ ಆಗಿ, ಅದಕ್ಕೆ ಹುಚ್ಚು ಅಭಿಮಾನಿಗಳು ಹುಟ್ಟಿ, ನಾವು ಹೀಗೆ ಕಿತ್ತಾಡುವ ಹಾಗಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಪುಣೆ ಪರದೇಶಿ
ಕಳೆದ ವಾರವೇ ಅಪ್ಪಾ ಬಳವಂತ ಚೌಕದಲ್ಲಿ ನಾರಳೀಕರ್ ಅವರ ಮರಾಠಿ ಕಥೆಗಳು ತಗೊಂಡೆ. ಹೊಸದೇ ಸಿಗುತ್ತೆ, ಸುಲಭವಾಗಿ. ಭೂಸನೂರಮಠರದ್ದು ಹುಡುಕಿ ಹುಡುಕಿ ಸಾಕಾಗಿದೆ.

ಕಾಜಾ ಗುಂಡಿ
ಪುಸ್ತಕದ ವಿಷಯಕ್ಕೆ ಬರೋಣ. ನಮ್ಮ ಅತ್ತೆ ಗುರುವಾರ ರಾತ್ರಿ ಮಡಗಾಂವ್‌ನಿಂದ ಮತ್ಸ್ಯಗಂಧಾ ರೈಲಿನಲ್ಲಿ ಠಾಣೆಗೆ ಬರುತ್ತಾರೆ. ಪುಸ್ತಕ ಅವರ ಚೀಲದಲ್ಲಿ. ಬೆಳಗ್ಗೆ ಬೇಗ ತಲುಪುತ್ತೆ, ಡೊಂಬಿವಲಿಯಿಂದ ಬರಲು ಆಗುತ್ತಾ? ಗುರುತು: ಹಸಿರು ಶಾಲು, ಕೈಯಲ್ಲಿ ಕೋಕಂ ಡಬ್ಬ, ಜೋರು ದನಿ.

ಡೊಂಬಿವಲಿ ಫಾಸ್ಟ್
ಮೊದಲ ಲೋಕಲ್ ಹಿಡಿದು ಬರುತ್ತೇನೆ. ಅತ್ತೆಗೆ ಏನು ತರಲಿ?

ಕಾಜಾ ಗುಂಡಿ
ಏನೂ ಬೇಡ. ಪುಸ್ತಕದಲ್ಲಿ ಏನಿದೆ ಅಂತ ಕೇಳಿದರೆ ದರ್ಜಿಯ ಕಥೆ ಅನ್ನಿ. ಗೂಢಚಾರ ಅನ್ನಬೇಡಿ, ಮುಂದಿನ ಸ್ಟೇಷನ್ ತನಕ ಪ್ರಶ್ನೆ ಕೇಳುತ್ತಾರೆ.

ಡೊಂಬಿವಲಿ ಫಾಸ್ಟ್
*ಹನ್ನೊಂದು ದಿನದ ನಂತರ*

ಓದಿದೆ. ಮೊದಲು ಕಾಣೆಯಾದ 32 ಪುಟ, ಆಮೇಲೆ ಮೊದಲಿನಿಂದ ಪೂರ್ತಿ ಇನ್ನೊಮ್ಮೆ.

ಕಾಜಾ ಅವರ ತಕರಾರು ತಲೆಯಲ್ಲಿಟ್ಟುಕೊಂಡೇ ಓದಿದೆ. ಬಟ್ಟೆ ಹೊಲಿಯೋದು ಕಡಿಮೆ, ನಿಜ. ಆದರೆ ಟೇಪಿನ ಕಥೆ ಕೇಳಿದ ಮೇಲೆ ನನಗೆ ಬೇರೆ ಕಾಣಿಸಿತು. ಈ ಮನುಷ್ಯ ಯಾರ ಜೊತೆ ಮಾತಾಡಿದರೂ ಟೇಪು ಸಡಿಲ ಹಿಡಿದುಕೊಂಡೇ ಇರುತ್ತಾನೆ. ಊಟಕ್ಕೆ ಕೂತಾಗ, ಜಗಳ ಆಡುವಾಗ, ಪ್ರೀತಿ ಮಾಡುವಾಗಲೂ. ಎದುರಿನವರು ಉಸಿರು ಬಿಡಲಿ ಅಂತ ಕಾಯುತ್ತಾನೆ. ಡಾಕ್ಟರ್‌ಗೆ ಬರೆಯುವಾಗ ಮಾತ್ರ ಉಸಿರು ಬಿಡೋದು ಅವನು. ನನಗೆ ಹಾಗನ್ನಿಸಿತು, ಸೊನ್ನೆ ಸಾರ್ ಒಪ್ಪದೇ ಇರಬಹುದು.

ಇನ್ನೊಂದು. ನನ್ನ ಪ್ರತಿಗೆ ಆ 32 ಪುಟವನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದುಕೊಂಡೆ. ನನಗೊಬ್ಬಳಿಗೆ, ಯಾರೂ ಬೈಯಬೇಡಿ. ಆರು ರಾತ್ರಿ ಹಿಡಿಯಿತು. ಹಾಳೆ ಮಡಚಿ, 112ರ ಪಕ್ಕ ಇಟ್ಟು, ಬೆನ್ನಿಗೆ ದಪ್ಪ ಸೂಜಿ ದಾರದಲ್ಲಿ ಹೊಲಿದೆ. ಭಟ್ರು ಹೇಳಿದ ಹಾಗೆ. ಹೊಲಿಗೆ ಸೊಟ್ಟಗಿದೆ.

ಸೊನ್ನೆ ಗುರುತ್ವ
ಒಪ್ಪಿದೆ. ಪೂರ್ತಿ ಅಲ್ಲ, ಮುಕ್ಕಾಲು.

ಕಾಜಾ ಗುಂಡಿ
ಹೊಲಿಗೆಯ ಫೋಟೋ ಹಾಕಿ. ಅದಕ್ಕೆ ಯಾರ ಹಕ್ಕೂ ಅಡ್ಡ ಬರಲ್ಲ.

ಡೊಂಬಿವಲಿ ಫಾಸ್ಟ್
ಹಾಕಿದ್ದೇನೆ, ಕೆಳಗೆ ನೋಡಿ. ನಗಬೇಡಿ.

ಕಾಜಾ ಗುಂಡಿ
ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. ದಾರಕ್ಕೆ ಮೇಣ ಹಚ್ಚಬೇಕಿತ್ತು, ಗಂಟು ಒಳಗಡೆ ಬರಬೇಕಿತ್ತು ಅಂದರು. ಸ್ವಲ್ಪ ಹೊತ್ತು ಬಿಟ್ಟು, ಹುಡುಗಿಗೆ ಕೈ ಇದೆ ಅಂದರು.

ಡೊಂಬಿವಲಿ ಫಾಸ್ಟ್
ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ನಿಮ್ಮ ಪುಸ್ತಕ ನಾಳೆ ಎರಡನೇ ಪಾಳಿ ಅಣ್ಣನಿಗೆ ಸಯಾನ್ ಸ್ಟೇಷನ್‌ನಲ್ಲಿ ಕೊಡುತ್ತೇನೆ.

ಎರಡನೇ ಪಾಳಿ
ಸಂಜೆ ಆರಕ್ಕೆ. ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆಯಿರಿ 🙂

ಎರಡನೇ ಪಾಳಿ
ಪುಸ್ತಕ ಸಿಕ್ಕಿತು. ಮೊದಲ ಹತ್ತು ಪುಟ ಆಯಿತು. 40ನೇ ಪುಟದಲ್ಲಿ ಒಂದು ಕಾಫಿ ಕಲೆ ಇದೆ, ನಾನು ಮಾಡಿದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕಾಜಾ ಗುಂಡಿ
ಕಳಿಸುವಾಗ ಕಲೆ ಇರಲಿಲ್ಲ.

ಡೊಂಬಿವಲಿ ಫಾಸ್ಟ್
ಅದು ಕಾಫಿ ಅಲ್ಲ.

ಕಾಜಾ ಗುಂಡಿ
ಮತ್ತೆ?

ಡೊಂಬಿವಲಿ ಫಾಸ್ಟ್
ಅತ್ತೆಯ ಕೋಕಂ.